ಮೊದಲು ಮೀಟರ್, ಆಮೇಲೆ ಪ್ಲಗ್: ನನ್ನ ಸ್ಪೆಕ್ಟ್ರಮ್ ರಿಪೇರಿ

ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ಒಂದು ರಟ್ಟಿನ ಡಬ್ಬ ನನ್ನ ಕೈಗಿಟ್ಟರು. "ಆನ್ ಆಗಲ್ಲ. ಬೇಕಿದ್ದರೆ ಇಟ್ಕೊಳ್ಳಿ, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಅಂದರು. ಒಳಗೆ ಇದ್ದದ್ದು ಜಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ, ಟಿವಿಗೆ ಜೋಡಿಸಿ ಬಳಸುವ ಹಳೆ ಮನೆ ಕಂಪ್ಯೂಟರ್. 48ಕೆ ಮಾದರಿ, ಅಂದರೆ 48 ಕಿಲೋಬೈಟ್ ಮೆಮೊರಿಯದ್ದು. ಕಪ್ಪು ಮೈ, ಬೂದು ಬಣ್ಣದ 40 ರಬ್ಬರ್ ಕೀಗಳು, ಬಲಗಡೆ ಕೆಳಮೂಲೆಯಲ್ಲಿ ಓರೆಯಾಗಿ ನಾಲ್ಕು ಬಣ್ಣದ ಪಟ್ಟೆ. ಸಿಂಕ್ಲೇರ್ ರಿಸರ್ಚ್ ಇದನ್ನು 1982ರ ಏಪ್ರಿಲ್‌ನಲ್ಲಿ ಹೊರತಂದಿತ್ತು. ಗುಜರಿಗೆ ಹೋಗುವ ವಸ್ತು ಇದಲ್ಲ ಅಂತ ನೋಡಿದ ಕೂಡಲೇ ಅನ್ನಿಸಿತು.

ಇದರಲ್ಲಿ ಆನ್, ಆಫ್ ಸ್ವಿಚ್ಚೇ ಇಲ್ಲ. ಪ್ಲಗ್ ಚುಚ್ಚಿದರೆ ಆನ್, ಕಿತ್ತರೆ ಆಫ್. ಹಾಗಾಗಿ ಸುಮ್ನೆ ಒಂದು ಸಲ ಚುಚ್ಚಿ ನೋಡೋಣ ಅಂತ ಯಾರಿಗಾದರೂ ಕೈ ತುರಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಡಬ್ಬದಲ್ಲಿ ಇದರದೇ ಅಡಾಪ್ಟರ್ ಇರಲಿಲ್ಲ. ಬೇರೆ ಯಾವುದೋ ಸಾಧನದ 9 ವೋಲ್ಟ್ ಅಡಾಪ್ಟರ್ ಇತ್ತು. ಪಿನ್ ಕೂಡ ಸರಿಯಾಗಿ ಕೂರುತ್ತಿತ್ತು. ಆದರೆ ಸ್ಪೆಕ್ಟ್ರಮ್‌ಗೆ ಪಿನ್ನಿನ ನಡುವೆ ನೆಗೆಟಿವ್ ಬರಬೇಕು, ಹೊರಗಡೆ ಪಾಸಿಟಿವ್. ಈಗ ಸಿಗುವ ಬಹುಪಾಲು ಅಡಾಪ್ಟರ್‌ಗಳಲ್ಲಿ ಇದು ಉಲ್ಟಾ ಇರುತ್ತದೆ. ಮೀಟರ್ ಇಟ್ಟು ನೋಡಿದೆ. ಈ ಅಡಾಪ್ಟರ್ ಕೂಡ ಉಲ್ಟಾನೇ. ಈ ಮಷೀನ್ ಕೆಟ್ಟದ್ದು ಅದರಿಂದಲೇ ಇರಬಹುದು, ಗ್ಯಾರಂಟಿ ಹೇಳಲಾರೆ. ಅದನ್ನು ಪಕ್ಕಕ್ಕಿಟ್ಟು, ನಡುವೆ ನೆಗೆಟಿವ್ ಇರುವ, 1.5 ಆಂಪಿಯರ್ ಕೊಡುವ ಹೊಸ 9 ವೋಲ್ಟ್ ಅಡಾಪ್ಟರ್ ತಂದೆ.

ಕೆಳಗಿನ ಐದು ಸ್ಕ್ರೂ ಬಿಚ್ಚಿದರೆ ಮೇಲ್ಭಾಗ ಕೈಗೆ ಬರುತ್ತದೆ. ಆದರೆ ಪಟ್ಟನೆ ಎತ್ತಬಾರದು. ಕೀಗಳ ಅಡಿಯಲ್ಲಿ ಒತ್ತಿದ್ದನ್ನು ಗುರುತಿಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಮೆಂಬ್ರೇನ್‌ನಿಂದ ಎರಡು ತೆಳು ಪಟ್ಟಿಗಳು ಬೋರ್ಡಿನ ಸಾಕೆಟ್‌ಗೆ ಇಳಿದಿರುತ್ತವೆ. ನಲವತ್ತು ವರ್ಷದಲ್ಲಿ ಆ ಪ್ಲಾಸ್ಟಿಕ್ ಒಣಗಿದ ಎಲೆಯಂತಾಗಿರುತ್ತದೆ. ನಾನು ಮೆಲ್ಲಗೇ ಎಳೆದೆ. ಆದರೂ ಒಂದು ಪಟ್ಟಿ ಮಡಚಿದ ಜಾಗದಲ್ಲೇ ಸೀಳಿತು. ಅದಕ್ಕೆ ಬೇಜಾರು ಮಾಡಿಕೊಳ್ಳಬೇಕಿಲ್ಲ. ಹೊಸ ಮೆಂಬ್ರೇನ್‌ಗಳನ್ನು ಈಗಲೂ ತಯಾರಿಸುತ್ತಿದ್ದಾರೆ, ಮತ್ತು ಹಳೆಯದು ಸರಿ ಇದ್ದರೂ ಹೆಚ್ಚು ದಿನ ಬಾಳುವುದಿಲ್ಲ.

ಬೋರ್ಡ್ ನೋಡಿ ಖುಷಿಯಾಯಿತು. ಧೂಳು ಬಿಟ್ಟರೆ ಸುಟ್ಟ ಕಲೆ ಇಲ್ಲ, ತುಕ್ಕಿಲ್ಲ. ಜಡ್80 ಪ್ರೊಸೆಸರ್, ಪಕ್ಕದಲ್ಲಿ ರಾಮ್ ಅಂದರೆ ಮೆಮೊರಿ ಚಿಪ್‌ಗಳು, ಇನ್ನೊಂದು ಕಡೆ ಯುಎಲ್‌ಎ ಅನ್ನುವ ಚಿಪ್. ಚಿತ್ರ, ಸದ್ದು, ಕೀಬೋರ್ಡ್, ಟೇಪ್ ಎಲ್ಲವನ್ನೂ ಆ ಯುಎಲ್‌ಎ ಒಂದೇ ನೋಡಿಕೊಳ್ಳುತ್ತದೆ. ಇಷ್ಟು ಕಮ್ಮಿ ಚಿಪ್‌ಗಳಲ್ಲಿ ಇಷ್ಟೆಲ್ಲ ಮಾಡಿದ್ದಾರಲ್ಲ ಅಂತ ಪ್ರತಿ ಸಲವೂ ಅನ್ನಿಸುತ್ತದೆ.

ಮೊದಲು ಮೆಮೊರಿಗೆ ಹೋಗುವ ಕರೆಂಟ್ ನೋಡಬೇಕು. ಸ್ಪೆಕ್ಟ್ರಮ್‌ನಲ್ಲಿ ಮೆಮೊರಿ ಎರಡು ಭಾಗ: ಕೆಳಗಿನ 16ಕೆ, ಮೇಲಿನ 32ಕೆ. ಕೆಳಗಿನ 16ಕೆಗೆ 4116 ಅನ್ನುವ ಎಂಟು ಚಿಪ್. ಇವಕ್ಕೆ ಮೂರು ಬಗೆಯ ವೋಲ್ಟೇಜ್ ಬೇಕು: ಪ್ಲಸ್ 5, ಪ್ಲಸ್ 12, ಮೈನಸ್ 5. ಮೈನಸ್ 5 ಇಲ್ಲದೆ ಬೇರೆರಡು ಬಂದರೆ ಚಿಪ್ ಸುಟ್ಟುಹೋಗುತ್ತದೆ. ಅದಕ್ಕೇ ಹೆಚ್ಚು ಹೊತ್ತು ಆನ್ ಇಡದೆ, ಪ್ಲಗ್ ಚುಚ್ಚಿ, ಅಳೆದು, ಕೂಡಲೇ ಕಿತ್ತೆ. ಒಂದು 4116ರ 16ನೇ ಪಿನ್ ನೆಲ, ಅಂದರೆ ಸೊನ್ನೆ ವೋಲ್ಟ್. ಅದಕ್ಕೆ ಮೀಟರಿನ ಕಪ್ಪು ತಂತಿ. 9ನೇ ಪಿನ್‌ನಲ್ಲಿ 5 ವೋಲ್ಟ್ ಇತ್ತು, ಸರಿ. 8ನೇ ಪಿನ್‌ನಲ್ಲಿ 12 ಇರಬೇಕಿತ್ತು, ಅದರ ಹತ್ತಿರಕ್ಕೂ ಬಂದಿರಲಿಲ್ಲ. 1ನೇ ಪಿನ್‌ನಲ್ಲಿ ಮೈನಸ್ 5 ಇರಬೇಕಿತ್ತು, ಏನೂ ಇರಲಿಲ್ಲ.

5 ಇದೆ, ಉಳಿದೆರಡಿಲ್ಲ. ಈ ಮಷೀನಿನ ಜೊತೆ ಓಡಾಡಿದವರಿಗೆ ಇದು ಗೊತ್ತಿರುವ ಕಥೆ. 12 ಮತ್ತು ಮೈನಸ್ 5 ಎರಡನ್ನೂ ಒಂದು ಪುಟ್ಟ ಕಾಯಿಲ್ ಮತ್ತು ಟಿಆರ್4 ಅನ್ನುವ ಟ್ರಾನ್ಸಿಸ್ಟರ್ ಸೇರಿ ತಯಾರಿಸುತ್ತವೆ. ಟಿಆರ್4 ಸತ್ತರೆ ಎರಡೂ ಹೋಗುತ್ತವೆ. ಹೊರತೆಗೆದು ಅಳೆದೆ, ಸತ್ತಿತ್ತು. ಅದರ ಜಾಗಕ್ಕೆ ಹೊಸ ಜಡ್‌ಟಿಎಕ್ಸ್650 ಹಾಕಿದೆ. ಜೊತೆಯ ಟಿಆರ್5 ಕೂಡ ಬದಲಾಯಿಸಿಬಿಟ್ಟೆ. ಇಬ್ಬರೂ ಜೋಡಿ ಕೆಲಸದವರು, ಒಬ್ಬರಿಗೆ ಪೆಟ್ಟು ಬಿದ್ದರೆ ಇನ್ನೊಬ್ಬರಿಗೂ ಬಿದ್ದಿರುತ್ತದೆ. ಕಾಯಿಲ್ ಸುಟ್ಟಿರಲಿಲ್ಲ, ಪುಣ್ಯ. ಬೆಸುಗೆಯ ಐರನ್ ಬಿಸಿ ಇರುವಾಗಲೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ಬದಲಾಯಿಸಿದೆ. ಪ್ಲಸ್, ಮೈನಸ್ ದಿಕ್ಕು ಮರೆಯದಿರಲು ಮೊದಲೇ ಫೋಟೋ ತೆಗೆದಿಟ್ಟುಕೊಂಡಿದ್ದೆ.

ಮತ್ತೆ ಅಳೆದೆ. ಮೂರೂ ವೋಲ್ಟೇಜ್ ಬಂತು. ಈಗ ಟಿವಿಗೆ ಜೋಡಿಸಬಹುದು.

ಟಿವಿ ಅಂದಾಗ ಒಂದು ಮಾತು. ಈ ಮಷೀನ್ ಹಳೆ ಕಾಲದ ಆಂಟೆನಾ ಸಿಗ್ನಲ್ ಕೊಡುತ್ತದೆ. ಈಗಿನ ಟಿವಿಗಳಲ್ಲಿ ಅದು ಸಿಗುವುದು ಕಷ್ಟ, ಸಿಕ್ಕರೂ ಚಿತ್ರ ಮಂಜುಮಂಜು. ಆ ಸಿಗ್ನಲ್ ತಯಾರಿಸುವ, ಮಾಡ್ಯುಲೇಟರ್ ಅನ್ನುವ ಲೋಹದ ಪೆಟ್ಟಿಗೆಯ ಒಳಗೆ ಸಾಕೆಟ್‌ಗೆ ಹೋಗುವ ಸಂಪರ್ಕ ಬಿಡಿಸಿ, ಬೋರ್ಡಿನಿಂದ ಬರುವ ವಿಡಿಯೋ ತಂತಿಯನ್ನೇ ನೇರವಾಗಿ ಸಾಕೆಟ್‌ಗೆ ಕೊಟ್ಟರೆ ಟಿವಿಯ ವಿಡಿಯೋ ಸಾಕೆಟ್‌ಗೆ ಜೋಡಿಸಬಹುದಾದ ಕಾಂಪೋಸಿಟ್ ವಿಡಿಯೋ ಸಿಗುತ್ತದೆ. ಪೆಟ್ಟಿಗೆಗೆ ತೂತು ಹಾಕಬೇಕಿಲ್ಲ. ಬೇಡವಾದರೆ ಮುಂದೆ ಯಾರಾದರೂ ವಾಪಸ್ ಹಳೆಯದರಂತೆ ಮಾಡಬಹುದು. ನಾನು ಹಾಕಿಕೊಂಡ ನಿಯಮ ಇದೇ: ಹಿಂದಕ್ಕೆ ತಿರುಗಿಸಲಾಗದ ಯಾವ ಬದಲಾವಣೆಯನ್ನೂ ಮಾಡಬಾರದು.

ಪರದೆ ಮೇಲೆ ಏನೋ ಬಂತು. ಆದರೆ ಅದು ಬರೀ ಬಣ್ಣದ ಚೌಕಗಳು, ಉದ್ದುದ್ದ ಗೆರೆಗಳು. ಪರದೆಯ ಚಿತ್ರ ಇರುವುದು ಕೆಳಗಿನ 16ಕೆಯಲ್ಲೇ. ಹಾಗಾಗಿ ಅಲ್ಲಿ ಚಿಪ್ ಕೆಟ್ಟಿದ್ದರೆ ಅದು ನೇರ ಕಣ್ಣಿಗೇ ಕಾಣುತ್ತದೆ. ಅರ್ಧ ನಿಮಿಷ ಬಿಟ್ಟು ಎಂಟೂ 4116ಗಳ ಮೇಲೆ ಒಂದೊಂದಾಗಿ ಬೆರಳಿಟ್ಟೆ. ಏಳು ಬೆಚ್ಚಗಿದ್ದವು. ಒಂದರ ಮೇಲೆ ಬೆರಳು ನಿಲ್ಲಲಿಲ್ಲ.

ಚಿಪ್ ತೆಗೆಯುವಾಗ ಆಸೆ ಬಿಡಬೇಕು. ಪೂರ್ತಿಯಾಗಿ ಉಳಿಸಿಕೊಳ್ಳಲು ಹೋದರೆ ಬೋರ್ಡಿನ ತಾಮ್ರದ ಗೆರೆ ಕಿತ್ತು ಬರುತ್ತದೆ. ಚಿಪ್ ಇನ್ನೊಂದು ಸಿಗುತ್ತದೆ, ಬೋರ್ಡ್ ಸಿಗುವುದಿಲ್ಲ. ಕಟರ್‌ನಿಂದ 16 ಕಾಲುಗಳನ್ನೂ ಕತ್ತರಿಸಿ, ಮೈಯನ್ನು ಎತ್ತಿ, ಉಳಿದ ತುಂಡುಗಳನ್ನು ಒಂದೊಂದೇ ಬಿಸಿ ಮಾಡಿ ಚಿಮಟದಿಂದ ತೆಗೆದೆ. ಆ ಜಾಗಕ್ಕೆ ಸಾಕೆಟ್ ಬೆಸೆದು, ಹೊಸ 4116 ಕೂರಿಸಿದೆ.

ಈ ಸಲ ಪರದೆ ಒಂದು ಕ್ಷಣ ಕಪ್ಪಾಯಿತು, ಆಮೇಲೆ ಬೆಳ್ಳಗಾಯಿತು. ಕೆಳಗಡೆ ಪುಟ್ಟ ಅಕ್ಷರದಲ್ಲಿ 1982 ಸಿಂಕ್ಲೇರ್ ರಿಸರ್ಚ್ ಲಿಮಿಟೆಡ್ ಅಂತ ಬಂತು. ಎಷ್ಟೋ ಹೊತ್ತು ಸುಮ್ಮನೆ ಅದನ್ನೇ ನೋಡುತ್ತ ಕೂತಿದ್ದೆ.

ಮಾರನೇ ದಿನ ಹೊಸ ಮೆಂಬ್ರೇನ್ ಹಾಕಿದೆ. ಮೇಲಿನ ತಗಡಿನ ಫಲಕ ಅಂಟಿನಿಂದ ಕೂತಿರುತ್ತದೆ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಮೂಲೆಯಿಂದ ನಿಧಾನಕ್ಕೆ ಎಬ್ಬಿಸಬೇಕು. ಅವಸರ ಮಾಡಿದರೆ ಬಾಗುತ್ತದೆ, ಬಾಗಿದ್ದನ್ನು ಮತ್ತೆ ಸಪಾಟು ಮಾಡಲಾಗುವುದಿಲ್ಲ. ರಬ್ಬರ್ ಕೀಗಳನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದೆ. ಆಲ್ಕೋಹಾಲ್ ಹಚ್ಚಲಿಲ್ಲ, ಮೇಲಿನ ಅಕ್ಷರ ಅಳಿಸಿಹೋಗಬಹುದು.

ಈಗ ಕೀ ಒತ್ತಬಹುದಲ್ವಾ, ಮೊದಲು ಮೆಮೊರಿ ಲೆಕ್ಕ ಕೇಳಿದೆ. ಬೇಸಿಕ್ ಅನ್ನುವ ಇದರ ಪ್ರೋಗ್ರಾಮಿಂಗ್ ಭಾಷೆಯಲ್ಲಿ 'ಪ್ರಿಂಟ್ ಪೀಕ್ 23732 + 256 * ಪೀಕ್ 23733' ಅಂತ ಕೊಟ್ಟರೆ ಮಷೀನಿಗೆ ಕಂಡ ಮೆಮೊರಿಯ ಕೊನೆಯ ವಿಳಾಸ ಬರುತ್ತದೆ. ವಿಳಾಸಗಳ ಮೊದಲ 16ಕೆ ಮಷೀನಿನ ಕಾಯಂ ಪ್ರೋಗ್ರಾಮ್‌ಗೆ ಹೋಗುತ್ತದೆ, ಹಾಗಾಗಿ 48ಕೆ ಪೂರ್ತಿ ಇದ್ದರೆ 65535. ನನಗೆ ಬಂದದ್ದು 32767. ಅಂದರೆ ಮಷೀನ್ ತಾನು 16ಕೆ ಅಂದುಕೊಂಡಿದೆ. ಮೇಲಿನ 32ಕೆ ಅದಕ್ಕೆ ಕಾಣುತ್ತಿಲ್ಲ.

ಇಲ್ಲಿ ಈ ಕಂಪ್ಯೂಟರ್ ಎಷ್ಟು ಸಹಾಯ ಮಾಡುತ್ತದೆ ನೋಡಿ. ಆನ್ ಆದಾಗೆಲ್ಲ ಮೆಮೊರಿಯ ಪ್ರತಿ ಜಾಗದಲ್ಲೂ 2 ಅಂತ ಬರೆಯುತ್ತದೆ. ಆಮೇಲೆ ಕೆಳಗಿನಿಂದ ಶುರು ಮಾಡಿ, ಪ್ರತಿಯೊಂದರಲ್ಲೂ ಎರಡು ಸಲ ಒಂದೊಂದು ಕಳೆದು ಸೊನ್ನೆ ಬರುತ್ತಾ ಅಂತ ನೋಡುತ್ತದೆ. ಎಲ್ಲಿ ಲೆಕ್ಕ ತಪ್ಪುತ್ತದೋ ಅಲ್ಲಿಗೇ ನಿಂತು, ಅದರ ಹಿಂದಿನ ಜಾಗವನ್ನೇ ಕೊನೆ ಅಂದುಕೊಂಡು ಕೆಲಸ ಶುರು ಮಾಡುತ್ತದೆ. ಇರುವಷ್ಟರಲ್ಲೇ ನಡೆಸಿಕೊಂಡು ಹೋಗುತ್ತದೆ.

ಹಾಗಾಗಿ ಕೆಟ್ಟ ಚಿಪ್ ಹುಡುಕಲು ಬೇರೆ ಉಪಕರಣ ಬೇಕಾಗಲಿಲ್ಲ. 32768ನೇ ಜಾಗಕ್ಕೆ ಪೋಕ್ ಮಾಡಿ 0 ಹಾಕಿದೆ, ಪೀಕ್ ಮಾಡಿ ಓದಿದೆ. ಬಂದದ್ದು 16. 255 ಹಾಕಿದೆ, 255 ಬಂತು. ಮುಂದಿನ ಹತ್ತಾರು ಜಾಗಗಳಲ್ಲೂ ಹೀಗೇ. 16 ಅಂದರೆ ಎರಡರ ನಾಲ್ಕನೇ ಘಾತ, ಅಂದರೆ ಸೊನ್ನೆಯಿಂದ ಎಣಿಸಿದರೆ 4ನೇ ಬಿಟ್ (0 ಅಥವಾ 1 ಆಗಿರುವ ಒಂದು ಅಂಕಿ). ಅದು ಯಾವಾಗಲೂ 1 ಆಗಿ ಅಂಟಿಕೊಂಡಿದೆ. ಎಂಟು ಚಿಪ್‌ಗಳಲ್ಲಿ ಒಂದೊಂದು ಒಂದೊಂದು ಬಿಟ್ ಹಿಡಿದುಕೊಂಡಿರುತ್ತದೆ. ಸರ್ಕ್ಯೂಟ್ ನಕ್ಷೆ ನೋಡಿ ಆ ಬಿಟ್ಟಿನ ಚಿಪ್ ಗುರುತಿಸಿದೆ.

ಈ ಮೇಲಿನ ಸಾಲಿನ ಚಿಪ್‌ಗಳದ್ದು ಒಂದು ಸ್ವಾರಸ್ಯ ಇದೆ. ಅವು ನಿಜಕ್ಕೂ 64 ಕಿಲೋಬಿಟ್‌ನ ಚಿಪ್‌ಗಳು. ತಯಾರಾಗುವಾಗ ಅರ್ಧ ಭಾಗದಲ್ಲಿ ದೋಷ ಇದ್ದಂಥವನ್ನೇ ತಂದು, ಒಳ್ಳೆಯ ಅರ್ಧವನ್ನು ಮಾತ್ರ ಬಳಸಿದ್ದಾರೆ. ಯಾವ ಅರ್ಧ ಅನ್ನುವುದನ್ನು ಬೋರ್ಡಿನ ಒಂದು ತಂತಿಯ ತುಂಡು ಹೇಳುತ್ತದೆ. ಕಂಪ್ಯೂಟರನ್ನು ಎಲ್ಲರ ಕೈಗೆ ಎಟುಕುವಂತೆ ಮಾಡಲು ಹುಡುಕಿಕೊಂಡ ದಾರಿ ಅದು. ನಮಗೆ ಈಗ ಅದರಿಂದ ಅನುಕೂಲವೇ: ಪೂರ್ತಿ ಸರಿ ಇರುವ ಒಂದು 64 ಕಿಲೋಬಿಟ್ ಚಿಪ್, ಅಂದರೆ 4164, ಹಾಕಿದರೆ ತಂತಿ ಯಾವ ಕಡೆ ಇದ್ದರೂ ನಡೆಯುತ್ತದೆ.

ಚಿಪ್ ಬರುವವರೆಗೆ ಸುಮ್ಮನೆ ಕೂರಲಿಲ್ಲ. 1983ರ ಜೆಟ್‌ಪ್ಯಾಕ್ ಆಟಕ್ಕೆ 16ಕೆ ಸಾಕು. ಆ ಕಾಲದಲ್ಲಿ ಆಟಗಳು ಕ್ಯಾಸೆಟ್ ಟೇಪಿನಲ್ಲಿ ಸದ್ದಿನ ರೂಪದಲ್ಲಿ ಬರುತ್ತಿದ್ದವು. ಮೊಬೈಲ್‌ನಲ್ಲಿ ಆಟದ ಆಡಿಯೋ ಫೈಲ್ ಇಟ್ಟುಕೊಂಡು, ಮೋನೋ ಕೇಬಲ್‌ನಿಂದ ಟೇಪ್ ಜೋಡಿಸುವ ಇಯರ್ ಸಾಕೆಟ್‌ಗೆ ಜೋಡಿಸಿದೆ. ವಾಲ್ಯೂಮ್ ಹೆಚ್ಚುಕಮ್ಮಿ ಪೂರ್ತಿ ಬೇಕು. ಮೊಬೈಲ್‌ನ ಸೌಂಡ್ ಎಫೆಕ್ಟ್‌ಗಳೆಲ್ಲ ಆಫ್ ಇರಬೇಕು, ನಡುವೆ ಒಂದು ಮೆಸೇಜ್ ಟಿಂಗ್ ಅಂದರೂ ಲೋಡ್ ಕೆಡುತ್ತದೆ. 'ಜೆ' ಒತ್ತಿದರೆ ಲೋಡ್ ಅನ್ನುವ ಪೂರ್ತಿ ಪದ ಬರುತ್ತದೆ, ಮುಂದೆ ಎರಡು ಉದ್ಧರಣ ಚಿಹ್ನೆ, ಎಂಟರ್.

ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟೆಗಳು ಹರಿದವು. ಟಿವಿ ಪಕ್ಕದಲ್ಲಿ ಆಡುತ್ತಿದ್ದ ಮಗಳು ಎದ್ದು ಬಂದಳು. "ಅಪ್ಪಾ, ಇದ್ಯಾಕೆ ಕಿರುಚ್ತಾ ಇದೆ?" ಅಂದಳು. ಅದು ಕಿರುಚುತ್ತಿಲ್ಲ, ಆಟವನ್ನು ಓದಿಕೊಳ್ಳುತ್ತಿದೆ ಅಂದೆ. ಆಮೇಲೆ ಪಟ್ಟೆಗಳು ನೀಲಿ, ಹಳದಿಗೆ ತಿರುಗಿದವು. ಚಿತ್ರ ಗೆರೆ ಗೆರೆಯಾಗಿ, ಬಿಟ್ಟು ಬಿಟ್ಟು ತುಂಬಿತು. ಪರದೆಯ ಮೇಲಿನ ಮೂರನೇ ಒಂದು ಭಾಗ, ನಡುವಿನದು, ಕೆಳಗಿನದು. ಅಷ್ಟೂ ಬರೀ ಎರಡೇ ಬಣ್ಣದಲ್ಲಿ. ಚಿತ್ರಕ್ಕೆ ಒಟ್ಟು 6912 ಬೈಟ್, ಅದರಲ್ಲಿ ಕೊನೆಯ 768 ಬಣ್ಣದ್ದು. ಆ 768 ಬಂದಾಗ ಮೇಲಿನಿಂದ ಕೆಳಗೆ ಬಣ್ಣ ಸರಸರನೆ ಇಳಿಯಿತು. ಮಗಳು ಬಾಯಿ ಬಿಟ್ಟು ನೋಡುತ್ತಿದ್ದಳು.

4164 ಬಂದ ದಿನವೇ ಹಾಕಿದೆ. ಅದೇ ಲೆಕ್ಕ ಮತ್ತೆ ಕೇಳಿದೆ. 65535.

ಮೇಲ್ದರ್ಜೆಗೆ ಏರಿಸುವ ಕೆಲಸ ಇದರ ನಂತರವೇ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕೆಟ್ಟ ಮಷೀನಿಗೆ ಹೊಸ ಭಾಗ ಸೇರಿಸಿದರೆ ತಪ್ಪು ಯಾವುದರದ್ದು ಅಂತ ತಿಳಿಯುವುದಿಲ್ಲ. ನಾನು ಮಾಡಿದ್ದು ಎರಡೇ. ಒಂದು, 9 ವೋಲ್ಟನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರ್ ತೆಗೆದು ಅಷ್ಟೇ ಗಾತ್ರದ, ಮೂರೇ ಕಾಲಿನ ಸ್ವಿಚಿಂಗ್ ರೆಗ್ಯುಲೇಟರ್ ಹಾಕಿದೆ. 7805 ಹೆಚ್ಚಿನ ವೋಲ್ಟೇಜನ್ನು ಶಾಖ ಮಾಡಿ ಕಳೆಯುತ್ತದೆ, ಕೀಬೋರ್ಡ್ ಕೈಗೆ ಬಿಸಿ ತಾಗುತ್ತಿತ್ತು. ಈಗ ಎರಡು ಗಂಟೆ ಆಡಿದರೂ ತಣ್ಣಗಿರುತ್ತದೆ. ಪಕ್ಕದ ಚಿಪ್‌ಗಳಿಗೂ ಅದು ಒಳ್ಳೆಯದು.

ಎರಡನೆಯದು ಹಿಂದಿನ ಕನೆಕ್ಟರ್‌ಗೆ ಕೂರುವ ಡಿವ್‌ಎಂಎಂಸಿ. ಎಸ್‌ಡಿ ಕಾರ್ಡಿನಲ್ಲಿ ಸಾವಿರಾರು ಆಟ ಇಟ್ಟುಕೊಂಡು ಪಟ್ಟಿಯಿಂದ ಆರಿಸಬಹುದು. ಆದರೆ ಕರೆಂಟ್ ಇರುವಾಗ ಇದನ್ನು ಹಾಕುವುದು, ತೆಗೆಯುವುದು ಯಾವ ಕಾರಣಕ್ಕೂ ಬೇಡ. ಆ ಕನೆಕ್ಟರ್‌ನಲ್ಲಿ ಪ್ರೊಸೆಸರಿನ ತಂತಿಗಳ ಪಕ್ಕದಲ್ಲೇ 9 ವೋಲ್ಟ್ ಇರುತ್ತದೆ. ಒಂದು ಕೂದಲಷ್ಟು ಓರೆಯಾಗಿ ತಾಗಿದರೆ ಇಷ್ಟು ದಿನದ ಕೆಲಸ ಹೋಯಿತು. ಹಾಕುವ ಮೊದಲು ಕನೆಕ್ಟರಿನ ತಾಮ್ರವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಬಟ್ಟೆ ಕಪ್ಪಾಯಿತು.

ಮೊದಲ ಸಂಜೆ 1983ರದ್ದೇ ಆದ ಮ್ಯಾನಿಕ್ ಮೈನರ್ ಆಟ ಹಾಕಿದೆವು. ಇದಕ್ಕೆ 48ಕೆ ಪೂರ್ತಿ ಬೇಕು. ಒಟ್ಟು 20 ಗುಹೆಗಳು, ನಾವು ನಾಲ್ಕನೆಯದರಲ್ಲಿ ನಿಂತಿದ್ದೇವೆ. ಒಂದು ಪಿಕ್ಸೆಲ್ ಆಚೆ ಈಚೆ ಆದರೆ ಸಾವು. ರಬ್ಬರ್ ಕೀ ಒತ್ತಿದಾಗ ಒಳಗಿನ ಮೆಂಬ್ರೇನ್ ಮೆತ್ತಗೆ ಕೂರುವುದು ಬೆರಳಿಗೆ ಗೊತ್ತಾಗುತ್ತದೆ. ಅದನ್ನು ಎಮ್ಯುಲೇಟರ್, ಅಂದರೆ ಈಗಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್‌ನಂತೆ ನಡೆಯುವ ಸಾಫ್ಟ್‌ವೇರ್, ಕೊಡಲಾರದು.

ಕಾರ್ಡಿನಿಂದ ಆಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಮೊಬೈಲ್ ಕೇಬಲ್‌ನಿಂದ ನಾಲ್ಕೈದು ನಿಮಿಷ ಬೇಕು. ಆದರೂ ಮಗಳು ಕುರ್ಚಿ ಎಳೆದುಕೊಂಡು ಕೂತು, "ಅಪ್ಪಾ, ಪಟ್ಟೆ ಬರೋದೇ ಹಾಕಪ್ಪ" ಅನ್ನುತ್ತಾಳೆ. ಹಾಗಾಗಿ ಆ ಕೇಬಲ್ ಟಿವಿ ಪಕ್ಕದಲ್ಲೇ ಇದೆ.