ಮಕ್ಕಳು ತಿರುಗಿ ಹೇಳಿದ ಮೇಲೆ ಬರೆಯುವುದು: ನನ್ನ ಅನುಭವ

ಮಕ್ಕಳಿಗಾಗಿ ನಾನು ಬರೆದ ಹೆಬ್ಬಾತಿನ ಕಥೆಯ ಪುಸ್ತಕದ ಮೊದಲ ಸಾವಿರ ಪ್ರತಿ ವರ್ಷದೊಳಗೆ ಖಾಲಿಯಾಯಿತು. ಎರಡನೇ ಅಚ್ಚಿನ ಕಟ್ಟುಗಳು ಗದಗಿನಿಂದ ಧಾರವಾಡಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದವು, ಅದರಲ್ಲೂ ಹತ್ತಿರ ಹತ್ತಿರ ಅರ್ಧ ಹೋಗಿವೆ. ಮಕ್ಕಳಿಗಾಗಿ ಬರೆಯುವ ಗೆಳೆಯರು ನನ್ನ ಪದ್ಧತಿ ಕೇಳಿದಾಗಲೆಲ್ಲ ತಲೆ ಅಲ್ಲಾಡಿಸುತ್ತಿದ್ದರು. "ಮಕ್ಕಳು ಹೇಳಿದ್ದನ್ನೇ ಬರೆಯೋದಾದ್ರ ಲೇಖಕಿ ಯಾಕ ಬೇಕವ್ವಾ?" ಅಂತ ಒಬ್ಬ ಹಿರಿಯರು ಎದುರಿಗೇ ಕೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ವಿಚಾರಿಸುತ್ತಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದೇ ಬಿಡುತ್ತೇನೆ.

ಪದ್ಧತಿ ಇಷ್ಟೇ. ಕಥೆಯನ್ನು ಮೊದಲು ಬರೆಯುವುದಿಲ್ಲ, ಬಾಯಲ್ಲಿ ಹೇಳುತ್ತೇನೆ. ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯಲ್ಲಿ ನಡೆಯುವಾಗ ನನಗೆ ನಾನೇ ಒಂದಷ್ಟು ದಿನ ಹೇಳಿಕೊಳ್ಳುತ್ತೇನೆ. ಆಮೇಲೆ ಹಳ್ಳಿ ಶಾಲೆಗೆ ಹೋಗಿ ಎರಡನೇ ಮೂರನೇ ತರಗತಿ ಮಕ್ಕಳಿಗೆ ಹೇಳುತ್ತೇನೆ. ಕೈಯಲ್ಲಿ ಹಾಳೆ ಇರಲ್ಲ, ಚಿತ್ರ ಇರಲ್ಲ. ವಾರ ಹತ್ತು ದಿನ ಬಿಟ್ಟು ಅದೇ ಮಕ್ಕಳ ಹತ್ತಿರ ಹೋಗಿ ಈಗ ನೀವು ನನಗೆ ಹೇಳಿ ಅಂತ ಕೂರುತ್ತೇನೆ. ಅವರು ಮರೆತದ್ದು ಪುಸ್ತಕಕ್ಕೆ ಬರುವುದಿಲ್ಲ. ಅವರು ಸೇರಿಸಿದ್ದು ಬರುತ್ತದೆ. ನಾಲ್ಕೈದು ಶಾಲೆಗಳಲ್ಲಿ ಹೀಗೆ ತಿರುಗಿ ಕೇಳಿದ ಮೇಲೆಯೇ ಬರೆಯಲು ಕೂರುವುದು.

ಇದಕ್ಕೆ ಮುಂಚೆ ಎಲ್ಲರ ಹಾಗೆ ಮೇಜಿನ ಮುಂದೆ ಕೂತು ಬರೆದ ಪುಸ್ತಕವೂ ನನ್ನದಿದೆ. 2019ರ ಜನವರಿಯಲ್ಲಿ ಧಾರವಾಡದಲ್ಲಿ 84ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಆ ಜನಸಂದಣಿ ನೋಡಿಕೊಂಡೇ ತಂದದ್ದು. 48 ಪುಟ, ಪೂರ್ತಿ ಬಹುವರ್ಣ, ಆರ್ಟ್ ಪೇಪರು. ಚಿತ್ರಕಾರರಿಗೆ ಕೊಟ್ಟದ್ದೂ ಸೇರಿ ಸಾವಿರ ಪ್ರತಿಗೆ ಲಕ್ಷದ ಹತ್ತಿರ ಹೋಯಿತು. ಬೆಲೆ 150 ರೂಪಾಯಿ. ಮಳಿಗೆಗೆ ಬಂದ ದೊಡ್ಡವರು ಕೈಗೆತ್ತಿಕೊಂಡು ಚಂದ ಐತ್ರಿ ಅನ್ನುತ್ತಿದ್ದರು, ತಮಗೊಂದು ಕಾದಂಬರಿ ತಗೊಂಡು ಹೋಗುತ್ತಿದ್ದರು. ಎರಡು ಮೂರು ವರ್ಷ ತಿರುಗಾಡಿದರೂ ಮುನ್ನೂರು ದಾಟಲಿಲ್ಲ. ಉಳಿದದ್ದನ್ನು ಅರ್ಧ ಬೆಲೆಗೆ, ಆಮೇಲೆ ಅದಕ್ಕೂ ಕಡಿಮೆಗೆ ಕೊಟ್ಟೆ. ಪತ್ರಿಕೆಯಲ್ಲಿ ಒಳ್ಳೆಯ ವಿಮರ್ಶೆ ಬಂದಿತ್ತು. ಆದರೆ ಒಂದು ಶಾಲೆಗೆ ಉಡುಗೊರೆ ಕೊಟ್ಟ ಪ್ರತಿಗಳು ಮೂಲೆ ಮಡಚದೆ, ಹೊಸದರ ಹಾಗೇ ಬೀರುವಿನಲ್ಲಿದ್ದವು. ಮಕ್ಕಳು ಮುಟ್ಟಿದ ಪುಸ್ತಕ ಹೊಸದಾಗಿ ಉಳಿಯಲ್ಲ. ಅವತ್ತೇ ಪದ್ಧತಿ ಬದಲಿಸಬೇಕು ಅಂತ ನಿಶ್ಚಯ ಮಾಡಿದೆ.

ಹೆಬ್ಬಾತಿನ ಕಥೆ ಶಿರಹಟ್ಟಿ ಕಡೆಯ ಮಾಗಡಿ ಕೆರೆಯದು. ಚಳಿಗಾಲಕ್ಕೆ ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆ ತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೂ ಸೇರಿತು. ನಾನು ಮೊದಲು ಹೇಳುವಾಗ ಮಂಗೋಲಿಯಾ, ಹಿಮ, ಎತ್ತರ ಎಲ್ಲ ಬಣ್ಣಿಸಿ ಹೇಳಿದೆ. ವಾರದ ಮೇಲೆ ಕೇಳಿದರೆ ಮಂಗೋಲಿಯಾ ಯಾರ ಬಾಯಲ್ಲೂ ಇಲ್ಲ. "ದೊಡ್ಡ ಗುಡ್ಡಾ ಹಾರಿ ಬಂದ್ವು" ಅಷ್ಟೇ. ಎಲ್ಲ ಶಾಲೆಗಳಲ್ಲೂ ಅದೇ ಮಾತು. ಪುಸ್ತಕದಲ್ಲೂ ಈಗ ಅಷ್ಟೇ ಇದೆ. ಮಂಗೋಲಿಯಾ ಹಿಂಬದಿ ರಕ್ಷಾಪುಟದ ಒಳಗೆ ಹೋಯಿತು, ಶಿಕ್ಷಕರಿಗಾಗಿ.

ಆದರೆ ಬಾತುಗಳು ಹೊಲಕ್ಕೆ ಇಳಿದು ಮೇಯುವ ಭಾಗವನ್ನು ಒಬ್ಬರೂ ಬಿಡಲಿಲ್ಲ. ನಾನು ಅದನ್ನು ಎರಡೇ ಮಾತಲ್ಲಿ ಹೇಳಿದ್ದೆ. ಮಕ್ಕಳು ಅಲ್ಲೇ ನಿಂತುಬಿಟ್ಟರು. ಶೇಂಗಾ ಯಾರದು, ಕಾಯುವವರು ಯಾರು, ನಾಯಿ ಇತ್ತೋ ಇಲ್ಲವೋ. ಒಂದು ಹುಡುಗಿ ಕೇಳಿದಳು, "ಅಕ್ಕೋರ, ಶೇಂಗಾ ತಿಂದ್ರ ಮುತ್ಯಾ ಬೈಯಂಗಿಲ್ಲೇನ್ರಿ?" ನಾನು ಉತ್ತರ ಹುಡುಕುವುದರೊಳಗೆ ಹಿಂದೆ ಕೂತ ಹುಡುಗ ಹೇಳಿದ, "ಅವು ದೂರದಿಂದ ಬಂದಾವಲ್ಲ, ಬೀಗರಿದ್ದಂಗ. ಉಣಬ್ಯಾಡ್ರಿ ಅನ್ನಾಕ ಬರಂಗಿಲ್ಲ." ಕಥೆಯ ನಡು ಸಿಕ್ಕಿದ್ದು ಅಲ್ಲೇ. ಸಿಟ್ಟಿನ ಮುತ್ಯಾ (ನಮ್ಮ ಕಡೆ ಅಜ್ಜನಿಗೆ ಹಾಗನ್ನುತ್ತಾರೆ), ಬಂದ ಬೀಗರು, ರಾತ್ರಿಯೆಲ್ಲ ಶೇಂಗಾ ಹೊಲ. ನಾನು ವರ್ಷಗಟ್ಟಲೆ ಮೇಜಿನ ಮುಂದೆ ಕೂತಿದ್ದರೂ ಇದು ಹೊಳೆಯುತ್ತಿರಲಿಲ್ಲ. ಲೇಖಕಿ ಯಾಕೆ ಬೇಕು ಅಂದವರಿಗೆ ನನ್ನ ಉತ್ತರ ಇದೇ: ನಾಲ್ಕೈದು ಶಾಲೆಯ ಗದ್ದಲದಲ್ಲಿ ಈ ಒಂದು ಮಾತನ್ನು ಹಿಡಿಯುವುದು, ಅದರ ಸುತ್ತ 32 ಪುಟ ಕಟ್ಟುವುದು ಲೇಖಕಿಯ ಕೆಲಸವೇ.

ಶಾಲೆಗೆ ಹೋಗುವುದಾದರೆ ಶನಿವಾರ ಹೋಗಿ. ಬೆಳಗಿನ ಶಾಲೆ, ಮಕ್ಕಳೂ ಹಗುರಾಗಿರುತ್ತಾರೆ, ಮುಖ್ಯ ಶಿಕ್ಷಕರೂ ಬೇಡ ಅನ್ನಲ್ಲ. ಮೊದಲೇ ಹೋಗಿ ಒಪ್ಪಿಗೆ ತಗೊಳ್ಳಿ. ನೆಲದ ಮೇಲೆ ಸುತ್ತ ಕೂರಿಸಿ. ಶಿಕ್ಷಕರು ಎದುರಿಗಿದ್ದರೆ ಮಕ್ಕಳು ಪರೀಕ್ಷೆ ಅಂದುಕೊಂಡು ಪಾಠದ ಭಾಷೆಯಲ್ಲಿ ಹೇಳುತ್ತಾರೆ, ಅದು ಕೆಲಸಕ್ಕೆ ಬರಲ್ಲ. ಶಿಕ್ಷಕರನ್ನು ವರಾಂಡದಲ್ಲಿ ಕೂರಲು ವಿನಂತಿಸುತ್ತೇನೆ. ಮುಂದೆ ಕೂತ ಜಾಣ ಮಕ್ಕಳು ಕಥೆಯನ್ನು ಇದ್ದ ಹಾಗೇ ಒಪ್ಪಿಸುತ್ತಾರೆ. ಹಿಂದೆ ಕೂತವರು ಜಗಳ ತೆಗೆಯುತ್ತಾರೆ, "ಏ ಹಂಗಲ್ಲೋ" ಅಂತ. ನನಗೆ ಬೇಕಾದದ್ದು ಆ ಜಗಳ. ಫೋನಿನಲ್ಲಿ ಧ್ವನಿ ಮಾತ್ರ ಹಿಡಿದುಕೊಳ್ಳುತ್ತೇನೆ, ವಿಡಿಯೊ ಇಟ್ಟರೆ ಎಲ್ಲರೂ ಅದನ್ನೇ ನೋಡುತ್ತಾರೆ. ಎರಡನೇ ಸಲ ಹೋದಾಗ ಕೇಳುವ ಮೊದಲ ಪ್ರಶ್ನೆ ಒಂದಿದೆ. "ಕಥೆ ಹೇಳ್ರಿ" ಅಂದರೆ ಯಾರೂ ಬಾಯಿ ಬಿಡಲ್ಲ, ಆ ಪ್ರಶ್ನೆ ಕೇಳಿದರೆ ಹತ್ತು ಜನ ಒಟ್ಟಿಗೆ ಏಳುತ್ತಾರೆ. ಅದನ್ನು ಮಾತ್ರ ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಒತ್ತಕ್ಷರದ ಬಗ್ಗೆ ಒಂದು ಪ್ರಯೋಗ ಮಾಡಿದೆ. ನಲಿ-ಕಲಿಯ ಚಿಕ್ಕ ತರಗತಿಗಳ ಮಕ್ಕಳು ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾರೆ, ಅದಕ್ಕೇ ಒತ್ತಿಲ್ಲದ ಕಥೆ ಕೊಡಿ ಅಂತ ಶಿಕ್ಷಕರು ಕೇಳುತ್ತಲೇ ಇರುತ್ತಾರೆ. ಒಂದು ತಿಂಗಳು ಕೂತು ಬರೆದು ನೋಡಿದೆ. ಅಪ್ಪ ಇಲ್ಲ, ಅವ್ವ ಇಲ್ಲ, ಅಜ್ಜ, ಅಕ್ಕ, ತಮ್ಮ ಯಾರೂ ಇಲ್ಲ. ಎಮ್ಮೆ ಇಲ್ಲ, ಹಕ್ಕಿ ಇಲ್ಲ, ರೊಟ್ಟಿ ಬೆಲ್ಲ ಇಲ್ಲ. ಇದ್ದ, ಬಿದ್ದ, ಎದ್ದ, ಕೊಟ್ಟ, ಇತ್ತು ಯಾವುದೂ ಬರೆಯುವ ಹಾಗಿಲ್ಲ. ಉಳಿದದ್ದು ಮನೆ, ಕೆರೆ, ಕರು, ಓಡಿದ, ನೋಡಿದ. ಅದರಲ್ಲಿ ಕಥೆ ಏಳಲಿಲ್ಲ, ಬಿಟ್ಟೆ. ಆದರೆ ಆ ಕೆಲಸ ದಂಡವಾಗಲಿಲ್ಲ. ಮಕ್ಕಳಿಂದ ಓದಿಸಿ ನೋಡಿದಾಗ ಸಜಾತೀಯ ಒತ್ತಿಗೆ ಅವರು ಅಷ್ಟಾಗಿ ಎಡವಲಿಲ್ಲ, ಅಪ್ಪ ಅಜ್ಜ ಎಲ್ಲ ಸರಾಗ ಬಂತು. ಸಂಧ್ಯೆ, ಪ್ರಯಾಣ, ಸ್ನೇಹ ಬಂದಲ್ಲಿ ನಿಂತರು. ಹಾಗಂತ ವಿಜಾತೀಯ ಒತ್ತೆಲ್ಲ ಕಷ್ಟ ಅಂತಲೂ ಅಲ್ಲ. ಮುತ್ಯಾ ಅನ್ನೋದರಲ್ಲಿ ಇರುವುದೂ ವಿಜಾತೀಯ ಒತ್ತೇ, ಒಂದು ಮಗುವೂ ಅಲ್ಲಿ ತಡವರಿಸಲಿಲ್ಲ. ಮನೆಯಲ್ಲಿ ದಿನಾ ಕೂಗುವ ಮಾತಲ್ವಾ. ಅವತ್ತಿನಿಂದ ನಾನು ಒತ್ತು ಎಣಿಸುವುದನ್ನು ಬಿಟ್ಟು, ಆ ಮಾತು ಮಗುವಿನ ಮನೆಯಲ್ಲಿ ಇದೆಯಾ ಅಂತ ಮಾತ್ರ ನೋಡುತ್ತೇನೆ.

ಇದರಿಂದಲೇ ಸಂಭಾಷಣೆಯನ್ನು ನಮ್ಮ ಕಡೆಯ ಮಾತಲ್ಲೇ ಇಟ್ಟೆ, ನಿರೂಪಣೆ ಮಾತ್ರ ಪುಸ್ತಕದ ಕನ್ನಡ. ಇದಕ್ಕೂ ತಕರಾರು ಬಂತು. ಮಕ್ಕಳ ಭಾಷೆ ಕೆಡುತ್ತದೆ, ಬರವಣಿಗೆ ತಪ್ಪಾಗುತ್ತದೆ, ಮೈಸೂರು ಕಡೆ ಯಾರೂ ಕೊಳ್ಳಲ್ಲ ಅಂದರು. ನಾನು ಕಂಡದ್ದು ಬೇರೆ. ನಿಧಾನ ಓದುವ ಮಕ್ಕಳು ನಿರೂಪಣೆಯಲ್ಲಿ ಬೆರಳಿಟ್ಟು ಓದುತ್ತಾರೆ, ಮುತ್ಯಾನ ಮಾತು ಬಂದ ಕೂಡಲೇ ಬೆರಳು ತೆಗೆದು ಜೋರಾಗಿ ಓದುತ್ತಾರೆ, ಮುಂದಿನ ಪದ ಏನು ಅಂತ ಅವರಿಗೆ ಮೊದಲೇ ಗೊತ್ತಾಗುತ್ತದೆ. ಇನ್ನು ಮೈಸೂರು ಕಡೆಯ ಒಂದು ಅಂಗಡಿಯವರು ಇಪ್ಪತ್ತೈದು ತರಿಸಿದವರು ಮತ್ತೆ ಐವತ್ತು ತರಿಸಿದರು.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ, ನೆನಪಿದ್ದಷ್ಟು ಹೇಳುತ್ತೇನೆ. ಅಚ್ಚು ಗದಗಿನಲ್ಲಿ. ಅದು ಅಚ್ಚುಕೂಟಗಳದೇ ಊರು, ಹುಬ್ಬಳ್ಳಿಯಿಂದ ರೈಲಿಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಕ್ರೌನ್ 1/4 ಅಳತೆಯ 32 ಪುಟ ಅಂದರೆ ಡಬಲ್ ಕ್ರೌನ್ ಅನ್ನುವ ದೊಡ್ಡ ಹಾಳೆಯಲ್ಲಿ ಎರಡೇ ಫಾರಂ, ಒಂದು ಹಾಳೆ ಮಡಚಿದರೆ 16 ಪುಟದ ಒಂದು ಫಾರಂ. ಒಳಗೆ 100 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಅನ್ನುವ ಹೊಳಪಿಲ್ಲದ ಕಾಗದ, ಬಹುವರ್ಣ ಬೇಡ ಅಂದೆ, ಕಪ್ಪು ಮತ್ತು ಇನ್ನೊಂದೇ ಬಣ್ಣ. ಮಷಿನ್ ಮೇಲಿದ್ದವರು "ಎರಡು ಬಣ್ಣದಾಗ ಮಕ್ಕಳ ಪುಸ್ತಕ ಯಾರ ತಗೋತಾರ್ರಿ ಅಕ್ಕಾರ?" ಅಂದರು. ನಾನು ಅವರಿಗೆ ಎರಡೂ ಫಾರಂಗೆ ಬೇರೆ ಬೇರೆ ಎರಡನೇ ಬಣ್ಣ ಹಾಕಲು ಹೇಳಿದೆ. ಒಂದು ಫಾರಂಗೆ ಕಪ್ಪು ಮತ್ತು ಕಿತ್ತಳೆ, ಇನ್ನೊಂದಕ್ಕೆ ಕಪ್ಪು ಮತ್ತು ನೀಲಿ. ಒಂದರೊಳಗೊಂದು ಸೇರಿಸಿ ನಡು ಪಿನ್ ಹೊಡೆದರೆ ಒಳಗಿನ ಫಾರಂ 9ರಿಂದ 24ನೇ ಪುಟ, ಹೊರಗಿನದು 1ರಿಂದ 8, ಮತ್ತೆ 25ರಿಂದ 32. ಅದಕ್ಕೆ ಸರಿಯಾಗಿ ಕಥೆಯಲ್ಲಿ 8ನೇ ಪುಟಕ್ಕೆ ಹೊತ್ತು ಮುಳುಗಿಸಿದೆ, 25ಕ್ಕೆ ಬೆಳಗು ಮಾಡಿದೆ. 8 ಮತ್ತು 9 ಎದುರು ಬದುರು ಬರುತ್ತವೆ. ಎಡಕ್ಕೆ ಕಿತ್ತಳೆ ಸಂಜೆ, ಬಲಕ್ಕೆ ನೀಲಿ ರಾತ್ರಿ, ಬಾತುಗಳು ಎಡದಿಂದ ಬಲಕ್ಕೆ ಹಾರುತ್ತವೆ. ಆ ಪುಟ ತೆರೆದಾಗ ಮಕ್ಕಳು ಮಾಡುವ ಸದ್ದು ಕೇಳಬೇಕು ನೀವು! ಇದಕ್ಕೆ ಆದ ಹೆಚ್ಚಿನ ಖರ್ಚು ಮಷಿನ್ ತೊಳೆದು ಇಂಕ್ ಬದಲಿಸಿದ್ದಷ್ಟೇ, ಕೆಲವು ನೂರು ರೂಪಾಯಿ. ಇನ್ನೊಂದು ಮಾತು, ಒಂದು ಬಣ್ಣದ ಮಷಿನ್‌ನಲ್ಲಿ ಹಾಳೆ ಎರಡು ಸಲ ಹೋಗುವುದರಿಂದ ಬಣ್ಣ ಒಂದೆರಡು ಕೂದಲೆಳೆ ಸರಿದೇ ಸರಿಯುತ್ತದೆ. ಗೆರೆಗೆ ಸರಿಯಾಗಿ ಬಣ್ಣ ತುಂಬಬೇಡಿ, ಗೆರೆ ದಾಟಿ ಚೆಲ್ಲಿದ ಹಾಗೆ ಬಿಡಿ ಅಂತ ಚಿತ್ರಕಾರರಿಗೆ ಮೊದಲೇ ಹೇಳಿದ್ದೆ. ಸರಿದದ್ದು ಯಾರಿಗೂ ಕಾಣಲಿಲ್ಲ.

ಅಚ್ಚು, ಕಾಗದ, ರಕ್ಷಾಪುಟ, ಪಿನ್ ಎಲ್ಲ ಸೇರಿ ಸಾವಿರಕ್ಕೆ ಇಪ್ಪತ್ತೆರಡು ಸಾವಿರದ ಆಸುಪಾಸು. ಚಿತ್ರಕ್ಕೆ ಇಪ್ಪತ್ತು ಸಾವಿರ. ಅಂದರೆ ಮೊದಲ ಅಚ್ಚಿನಲ್ಲಿ ಪ್ರತಿಗೆ 42 ರೂಪಾಯಿ ಬಿತ್ತು. ಬೆಲೆ 80. ಅಂಗಡಿಗೆ ನಲವತ್ತು ಪರ್ಸೆಂಟ್ ಬಿಟ್ಟರೆ 48 ಕೈಗೆ ಬರುತ್ತದೆ, ಆರು ರೂಪಾಯಿ ಲಾಭ, ಅದು ಓಡಾಟಕ್ಕೂ ಸಾಲಲ್ಲ. ದುಡ್ಡು ಇರುವುದು ಎರಡನೇ ಅಚ್ಚಿನಲ್ಲಿ, ಆಗ ಚಿತ್ರದ ಖರ್ಚು ಇರಲ್ಲ. ಅದಕ್ಕೇ ಎರಡನೇ ಅಚ್ಚಿಗೆ ಚಿತ್ರಕಾರರಿಗೆ ಸ್ವಲ್ಪ ಗೌರವಧನ ಮತ್ತೆ ಕೊಟ್ಟೆ, ಒಪ್ಪಂದದಲ್ಲಿ ಇಲ್ಲದಿದ್ದರೂ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ, ನೀವೇ ಅರ್ಜಿ ಹಾಕಿದರೆ ಪುಕ್ಕಟೆ ಸಿಗುತ್ತದೆ.

ರಕ್ಷಾಪುಟಕ್ಕೆ ಕಲಘಟಗಿ ತೊಟ್ಟಿಲಿನ ಬಣ್ಣ ಬರಲಿ ಅಂತ ಆಸೆ ಇತ್ತು. ತೊಟ್ಟಿಲು ಮಾಡುವ ಕುಶಲಕರ್ಮಿಯೊಬ್ಬರ ಹತ್ತಿರ ಹಲಗೆಯ ಮೇಲೆ ಬಾತುಗಳನ್ನು ಬರೆಸಿದೆ, ನಾಲ್ಕು ಸಾವಿರ ಕೊಟ್ಟ ನೆನಪು. ಕೆಲಸ ಅದ್ಭುತ. ಆದರೆ ಅರಗಿನ ಹೊಳಪಿಗೆ ಫೋಟೊದಲ್ಲಿ ಬರೀ ಬಿಳಿ ಮಚ್ಚೆ. ಸ್ಟುಡಿಯೊ ದೀಪದಲ್ಲಿ ಆಗಲಿಲ್ಲ, ಬಿಸಿಲಲ್ಲೂ ಆಗಲಿಲ್ಲ. ಕೊನೆಗೆ ಮೋಡ ಕವಿದ ದಿನ ಬೇವಿನ ಮರದ ನೆರಳಲ್ಲಿ ಹಲಗೆಯನ್ನು ಓರೆ ಇಟ್ಟು ತೆಗೆದಾಗ ಒಂದು ತುಂಡು ಚೆನ್ನಾಗಿ ಬಂತು. ಅದನ್ನು ಹಿಂಬದಿಗೆ ಬಳಸಿದೆ. ಮುಂದೆ ಗುಳ್ಳವ್ವನ ಪುಸ್ತಕಕ್ಕೆ ಪೂರ್ತಿ ಇದನ್ನೇ ಮಾಡುವ ಯೋಚನೆ ಇದೆ. ಮಣ್ಣೆತ್ತಿನ ಅಮವಾಸಿ ಆದ ಮೇಲೆ ಆಷಾಢದ ಮಂಗಳವಾರ ಮಕ್ಕಳು ಮಣ್ಣಿನಲ್ಲಿ ಗುಳ್ಳವ್ವನ ಮಾಡುತ್ತಾರಲ್ಲ, ಆಗ ಕೂತು ಕೇಳಿದ ಮಾತುಗಳು ಫೋನಿನ ತುಂಬ ಇವೆ.

ಮಾರಾಟದಲ್ಲಿ ನನಗೆ ಒದಗಿ ಬಂದದ್ದು ಪುಸ್ತಕದ ಮೇಳಕ್ಕಿಂತ ಕೃಷಿ ಮೇಳ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ರೈತರು ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ಮಳಿಗೆ ಮುಂದೆ ಬೋರ್ಡು ಹಾಕಲಿಲ್ಲ, ಶೇಂಗಾದ ಪುಟ ತೆರೆದಿಟ್ಟು ಮಗುವಿನ ಕೈಗೆ ಕೊಟ್ಟೆ. ಮಗು ಓದುತ್ತಾ ನಿಂತರೆ ಅಪ್ಪ 80 ರೂಪಾಯಿ ತೆಗೆಯುತ್ತಾರೆ. ಇನ್ನೂರಕ್ಕೂ ಜಾಸ್ತಿ ಪ್ರತಿ ಅಲ್ಲೇ ಹೋದವು. ಶಾಲೆಗಳಲ್ಲಿ ಕಥೆ ಹೇಳಿದ ಮಕ್ಕಳಿಗೆ ಒಂದೊಂದು ಪ್ರತಿ ಪುಕ್ಕಟೆ ಕೊಡುತ್ತೇನೆ, ಅದು ಅವರ ಪಾಲು. ಅದನ್ನು ನೋಡಿ ಪಕ್ಕದ ಊರಿನ ಶಿಕ್ಷಕರು ಫೋನ್ ಮಾಡುತ್ತಾರೆ, ಮೂವತ್ತು ನಲವತ್ತು ಒಟ್ಟಿಗೆ ಕೇಳುತ್ತಾರೆ.

ಅಂಚೆಯದು ಒಂದು ತಾಪತ್ರಯ ಆಯಿತು. ಪುಸ್ತಕಗಳಿಗೆ ಇದ್ದ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತ ಮೇಲೆ ಒಂದು ಪುಸ್ತಕ ಕಳಿಸುವ ಖರ್ಚು ಅದರ ಬೆಲೆಯ ಅರ್ಧ ದಾಟಿತು. ಅದಕ್ಕೆ ಬಿಡಿ ಪ್ರತಿ ಕಳಿಸುವುದನ್ನು ಬಿಟ್ಟೆ, ಐದರ ಕಟ್ಟು ಮಾತ್ರ. ಒಂದೇ ಓಣಿಯ ನಾಲ್ಕೈದು ಮನೆಯವರು ಸೇರಿ ತರಿಸಿಕೊಳ್ಳುತ್ತಿದ್ದಾರೆ. ದೂರದ ಊರಿನವರಿಗೆ ಬಸ್ ಪಾರ್ಸೆಲ್‌ನಲ್ಲಿ ಹಾಕುತ್ತೇನೆ, ನಿಲ್ದಾಣಕ್ಕೆ ಬಂದು ತಗೊಳ್ಳುತ್ತಾರೆ.