ಹಳೇ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್: ಟ್ರಾಲಿ ಜಾಕ್ ಇಳಿಸದೇ ಕಡ್ಡಿ ನೋಡಬೇಡಿ

ರಂಟೆ ಎತ್ತಲು ಲಿಫ್ಟ್ ತಡ ಮಾಡಿದರೆ ನಮ್ಮ ಬಾಗಲಕೋಟೆ ಕಡೆ ಮೊದಲು ಬರುವ ಮಾತು ‘ಪಂಪ್ ಹೋಗೇತಿ’. ಹಾಗೆ ಬಿಚ್ಚಿಸಿದ ಎಷ್ಟೋ ಪಂಪ್‌ಗಳಲ್ಲಿ ದೋಷ ಇರುವುದೇ ಇಲ್ಲ. ಮ್ಯಾಸ್ಸಿ 1035ರಂಥ ಗಾಡಿಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್. ಪಂಪ್ ಅದರೊಳಗೇ ಇರುತ್ತದೆ. ಮಟ್ಟ ಇಳಿದರೆ ಪಂಪ್ ಗಾಳಿ ಎಳೆಯುತ್ತದೆ, ಆಯಿಲ್ ನೊರೆಯಾಗುತ್ತದೆ, ಲಿಫ್ಟ್ ಜೋಲಿ ಹೊಡೆಯುತ್ತದೆ. ಫೋರ್ಡ್ 3600ರಲ್ಲಿ ಗೇರ್‌ಬಾಕ್ಸ್ ಬೇರೆ, ಹಿಂದಿನ ಆಕ್ಸಲ್ ಆಯಿಲ್‌ನಿಂದಲೇ ಹೈಡ್ರಾಲಿಕ್ ನಡೆಯುತ್ತದೆ. ಹಾಗಾಗಿ ನಿಮ್ಮ ಗಾಡಿಯಲ್ಲಿ ಆಯಿಲ್ ಮಟ್ಟ ನೋಡುವ ಯಾವ ಕಡ್ಡಿ ಯಾವುದಕ್ಕೆ ಎಂಬುದು ಮೊದಲು ಗೊತ್ತಿರಬೇಕು.

ನಾನು ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮುನ್ನ. ನೆಲ ಸಮ ಇರಬೇಕು. ಹೊಲದ ಬದುವಿನ ಮೇಲೆ ನಿಲ್ಲಿಸಿ ನೋಡಿದ ಮಟ್ಟ ನಂಬುವಂಥದ್ದಲ್ಲ. ಲಿಫ್ಟ್ ಆರ್ಮ್ ಪೂರ್ತಿ ಕೆಳಗೆ, ಎಂಜಿನ್ ಬಂದ್. ಕಡ್ಡಿ ತೆಗೆಯುವ ಮೊದಲು ಅದರ ಸುತ್ತ ಕೂತ ಎರೆಮಣ್ಣನ್ನು ಬಟ್ಟೆಯಿಂದ ಒರೆಸಬೇಕು. ಒಳಗೆ ಬಿದ್ದ ಮಣ್ಣು ಪಂಪಿನ ವಾಲ್ವ್‌ಗೇ ಹೋಗುತ್ತದೆ. ಒರೆಸಿ, ಮತ್ತೆ ಪೂರ್ತಿ ಇಳಿಸಿ, ಎರಡನೇ ಸಲ ತೆಗೆದಾಗ ಕಂಡದ್ದೇ ಲೆಕ್ಕ.

ಡಂಪಿಂಗ್ ಟ್ರಾಲಿ ಇದ್ದವರ ಲೆಕ್ಕ ತಪ್ಪುವುದು ಇಲ್ಲಿಯೇ. ಟ್ರಾಲಿಯನ್ನು ಎತ್ತುವ ಸಿಲಿಂಡರ್, ಅಂದರೆ ಜಾಕ್, ಮೇಲೇಳಲು ಬೇಕಾದ ಆಯಿಲ್ ಬರುವುದು ಟ್ರ್ಯಾಕ್ಟರಿನ ಹೊಟ್ಟೆಯಿಂದಲೇ. ಒಳವ್ಯಾಸ ಹತ್ತು ಸೆಂಟಿಮೀಟರ್ ಇರುವ ಜಾಕ್ ಒಂದು ಮೀಟರ್ ಮೇಲೇರಿದರೆ ಸುಮಾರು 7.85 ಲೀಟರ್ ಹೊರಗೆ ಹೋದಂತೆ. ಟ್ರಾಲಿ ಎತ್ತಿ ನಿಲ್ಲಿಸಿ ಕಡ್ಡಿ ನೋಡಿದವರು ಕಮ್ಮಿ ಇದೆಯೆಂದು ಸುರಿಯುತ್ತಾರೆ. ಟ್ರಾಲಿ ಇಳಿದಾಗ ಅಷ್ಟೂ ವಾಪಸ್ ಬಂದು ಮಟ್ಟ ಮೇಲಿನ ಗುರುತು ದಾಟುತ್ತದೆ. ಹೆಚ್ಚಾದ ಆಯಿಲ್ ಆಕ್ಸಲ್ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಒಣ ಬ್ರೇಕಿನ (ಆಯಿಲ್‌ನಲ್ಲಿ ಮುಳುಗಿರದ ಬ್ರೇಕಿನ) ಹಳೇ ಗಾಡಿಯಲ್ಲಿ ಲೈನರ್ ಒಮ್ಮೆ ಆಯಿಲ್ ಕುಡಿದರೆ ಇಳಿಜಾರಿನಲ್ಲಿ ಲೋಡ್ ಟ್ರಾಲಿ ನಿಲ್ಲುವುದಿಲ್ಲ. ಆಯಿಲ್ ಕಮ್ಮಿಯಾಗುವುದಕ್ಕಿಂತ ಇದು ದೊಡ್ಡ ಅಪಾಯ.

ಊರಲ್ಲಿ ಟ್ರಾಲಿ ಕೈಬದಲು ಓಡಾಡುತ್ತವೆ. ಹೊಸದಾಗಿ ಸೀಲ್ ಹಾಕಿಸಿದ ಖಾಲಿ ಜಾಕ್ ನಿಮ್ಮ ಗಾಡಿಗೆ ಬಂದರೆ ಅದು ತುಂಬಿಕೊಳ್ಳುವಷ್ಟು ಆಯಿಲ್ ನಿಮ್ಮದೇ. ಬೇರೆ ಗಾಡಿಯ ಕರಿ ಆಯಿಲ್ ತುಂಬಿದ್ದರೆ ಅದೂ ನಿಮ್ಮದರಲ್ಲೇ ಬೆರೆಯುತ್ತದೆ. ಪೈಪಿನ ಕಪ್ಲಿಂಗ್‌ಗೆ ಕ್ಯಾಪ್ ಇಲ್ಲದಿದ್ದರೆ ಮಣ್ಣು ಹೋಗದಂತೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿದರೂ ಸಾಕು. ಬೇರೆಯವರ ಟ್ರಾಲಿ ಜೋಡಿಸಿದ ದಿನ ನಾನು ಒಂದೆರಡು ಸಲ ಎತ್ತಿಳಿಸಿ, ಪೂರ್ತಿ ಇಳಿಸಿದ ಮೇಲೆ ಮತ್ತೆ ಕಡ್ಡಿ ನೋಡುತ್ತೇನೆ. ಎತ್ತಿದ ಟ್ರಾಲಿಯ ಕೆಳಗೆ ದಿಮ್ಮಿ ಕೊಡದೆ ಯಾರೂ ತಲೆ ಹಾಕಬಾರದು.

ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಗಾಡಿಗಳಿಗೆ ಇನ್ನೊಂದು ಗೋಳು. ಕಾರ್ಖಾನೆ ಸೀಜನ್ನಿನಲ್ಲಿ ಬರೀ ಟ್ರಾಲಿ ಎಳೆತ, ಲಿಫ್ಟ್ ಮುಟ್ಟುವವರಿಲ್ಲ. ಹನಿ ಹನಿಯಾಗಿ ಸೋರಿದ್ದು ಕಾಣುವುದು ಬೇಸಿಗೆಯಲ್ಲಿ ಪಲ್ಟಿ ನೇಗಿಲು ಕಟ್ಟಿದಾಗ. ಅಷ್ಟರಲ್ಲಿ ಗೇರ್‌ಗಳೂ ಕಮ್ಮಿ ಆಯಿಲ್‌ನಲ್ಲಿ ಓಡಿರುತ್ತವೆ. ಲಿಫ್ಟ್ ಬಳಸದಿದ್ದರೂ ವಾರಕ್ಕೊಮ್ಮೆ ಕಡ್ಡಿ ನೋಡಬೇಕು.

ಯಾವ ಆಯಿಲ್ ಎಂಬುದಕ್ಕೆ ಗಾಡಿಯ ಪುಸ್ತಕವೇ ಪ್ರಮಾಣ. ಅಂಗಡಿಯವರು ಕೊಟ್ಟ ದಪ್ಪ ಗೇರ್ ಆಯಿಲ್ ಸುರಿದರೆ ಪುಷ್ಯ ಮಾಸದ ಚಳಿಗೆ ಪಂಪ್ ಅದನ್ನು ಸಲೀಸಾಗಿ ಎಳೆಯಲಾರದು. ಎರಡು ಜಾತಿ ಬೆರೆಸುವುದೂ ಬೇಡ. ಹಾಕುವಾಗ ಜಾಳಿಗೆಯ ಲಾಳಿಕೆ ಇಟ್ಟು ಒಂದೊಂದೇ ಲೀಟರ್. ಗೇರ್ ಲಿವರ್ ಹತ್ತಿರ ಸುರಿದದ್ದು ಹಿಂದಿನವರೆಗೆ ಹರಿದು ಹೋಗಲು ಹತ್ತು ನಿಮಿಷವಾದರೂ ಬೇಕು. ಕೂಡಲೇ ಕಡ್ಡಿ ನೋಡಿದರೆ ಮತ್ತೆ ಜಾಸ್ತಿ ಸುರಿಯುತ್ತೀರಿ.

ಆಯಿಲ್ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ. ಎರೆ ಕೆಸರು ತೊಳೆಯುವಾಗ ಪ್ರೆಷರ್ ನೀರನ್ನು ಗೇರ್ ಲಿವರಿನ ರಬ್ಬರಿಗೆ ಹೊಡೆಯುವುದೇ ಬಹುಪಾಲು ಕಾರಣ. ಒಂದು ಹನಿಯನ್ನು ಕಾದ ತಗಡಿನ ಮೇಲೆ ಬಿಟ್ಟರೆ ಚಟಪಟ ಅನ್ನುತ್ತದೆ. ಇದಕ್ಕೆ ಬದಲಿಸುವುದೊಂದೇ ದಾರಿ, ಹರಿದ ರಬ್ಬರನ್ನೂ ಸೇರಿಸಿ.

ಮಟ್ಟ ಸರಿ ಇದ್ದೂ ಲಿಫ್ಟ್ ಕೈಕೊಟ್ಟರೆ ಬಿಸಿ-ತಣ್ಣಗಿನ ವ್ಯತ್ಯಾಸ ಗಮನಿಸುತ್ತೇನೆ. ತಣ್ಣಗಿದ್ದಾಗ ತಡ, ಬಿಸಿಯಾದ ಮೇಲೆ ಚಲೋ ಆದರೆ ಆಯಿಲ್ ದಪ್ಪ ಅಥವಾ ಪಂಪಿನ ಜಾಳಿಗೆ ಕಟ್ಟಿದೆ. ಬೆಳಿಗ್ಗೆ ಚಲೋ ಎತ್ತಿ ಮಧ್ಯಾಹ್ನ ಸೋತರೆ ಒಳಗೆ ಸವೆತ. ತೆಳುವಾದ ಆಯಿಲ್ ಸಂದಿಯಲ್ಲಿ ಜಾರುತ್ತಿದೆ. ಎಂಜಿನ್ ಬಂದ್ ಮಾಡಿದ ಕೂಡಲೇ ರಂಟೆ ಸರ್ರನೆ ಇಳಿದರೆ ಸಿಲಿಂಡರಿನ ಸೀಲ್, ಪಿಸ್ಟನ್ ರಿಂಗ್ ಕಡೆ ನೋಡಬೇಕು. ಹೊರಗಿನ ಪೈಪಿನ ಸೋರಿಕೆ ಹುಡುಕಲು ಬೆರಳು ಬೇಡ, ರಟ್ಟು ಹಿಡಿಯಿರಿ. ಒತ್ತಡದ ಆಯಿಲ್ ಚರ್ಮ ತೂರುತ್ತದೆ. ಕ್ಲಚ್ ಹೌಸಿಂಗ್ ಕೆಳಗಿನ ಸ್ಪ್ಲಿಟ್ ಪಿನ್ ತೂತಿನಿಂದ ಹನಿ ಬಿದ್ದರೆ ಬಣ್ಣ ನೋಡಿ: ಕರ್ರಗಿದ್ದರೆ ಎಂಜಿನ್ ಹಿಂದಿನ ಸೀಲ್, ಕಡ್ಡಿಯ ಮೇಲಿನ ಬಣ್ಣವೇ ಇದ್ದರೆ ಗೇರ್‌ಬಾಕ್ಸ್ ಕಡೆಯ ಸೀಲ್. ಪಿನ್ ಅಲ್ಲಾಡಿಸಿ ತೂತು ತೆರೆದೇ ಇಡಿ. ಮಣ್ಣು ಕಟ್ಟಿದರೆ ಆಯಿಲ್ ಒಳಗೇ ನಿಂತು ಕ್ಲಚ್ ಪ್ಲೇಟ್ ತೋಯಿಸುತ್ತದೆ.