ಅಳತೆ ತಪ್ಪಿದ ಬಾಕ್ಸೇ ಕೊನೆಗೆ ಕೈ ಹಿಡಿಯಿತು

ಕಾರಿಗೆ ಅಂತ ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್, ತಂದ ದಿನ ಅದನ್ನು ಕೂರಿಸುವ ಬಾಕ್ಸ್ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. 12 ಇಂಚಿನ ಸಬ್ ಇದೆ, ಅದಕ್ಕೆ ತಕ್ಕ ಆ್ಯಂಪ್ (ಆ್ಯಂಪ್ಲಿಫೈಯರ್) ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ತಡೆಯಲಾಗದೆ ಬಾಕ್ಸ್ ಇಲ್ಲದೆ ನೆಲದ ಮೇಲೆ ಹಾಗೇ ಇಟ್ಟು, ಸಣ್ಣ ಸದ್ದಿನಲ್ಲಿ ಒಂದು ಹಾಡು ಹಾಕಿದೆ. ಸಬ್ಬಿನ ಮುಂದಿನ ಬಟ್ಟಲಿನಂಥ ಕೋನ್ ಕುಣಿಯುತ್ತಿತ್ತು, ಬೇಸ್ ಮಾತ್ರ ಇಲ್ಲವೇ ಇಲ್ಲ! ಕೋನ್ ಮುಂದೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಎರಡಕ್ಕೂ ನಡುವೆ ಗೋಡೆ ಇಲ್ಲದಿದ್ದರೆ ಒಂದನ್ನೊಂದು ತಿಂದುಹಾಕುತ್ತವೆ. ಬಾಕ್ಸ್ ಇರುವುದು ಆ ಗೋಡೆಗಾಗಿ.

ಆಮೇಲೆ ಓದಲು ಕೂತೆ. ಮುಖ್ಯವಾಗಿ ಎರಡು ಬಗೆ. ಎಲ್ಲ ಕಡೆ ಮುಚ್ಚಿದ್ದು ಸೀಲ್ಡ್. ಒಂದು ಪೈಪೋ ಸೀಳೋ ಇಟ್ಟು ಹಿಂದಿನ ಗಾಳಿಯನ್ನೂ ಕೆಲಸಕ್ಕೆ ಹಚ್ಚುವುದು ಪೋರ್ಟೆಡ್. ಸಬ್ಬನ್ನು ಪೂರ್ತಿ ಒಳಗೆ ಹುದುಗಿಸುವ ಬ್ಯಾಂಡ್‌ಪಾಸ್ ಅಂತಲೂ ಒಂದಿದೆ. ಅದರ ಲೆಕ್ಕ ಸ್ವಲ್ಪ ತಪ್ಪಿದರೂ ಎಲ್ಲ ಹಾಡೂ ಒಂದೇ ಥರ ಗುಂಯ್ ಅನ್ನುತ್ತದೆ, ಅದಕ್ಕೆ ನಾನು ಕೈ ಹಾಕಲಿಲ್ಲ.

ಪೋರ್ಟೆಡ್‌ನಲ್ಲಿ ಅದೇ ಆ್ಯಂಪ್‌ಗೆ ಸದ್ದು ಜಾಸ್ತಿ ಬರುತ್ತದೆ ಅಂತ ಓದಿದ್ದೇ ತಡ, ಅದೇ ಬೇಕು ಅಂತ ಹಟ ಹಿಡಿದೆ. ಸಬ್ ಜೊತೆ ಬಂದ ಹಾಳೆಯಲ್ಲಿ ನಾಲ್ಕು ಅಂಕಿಗಳಿದ್ದವು. ಬಾಕ್ಸ್ ಇಲ್ಲದಾಗ ಸಬ್ ತಾನಾಗಿ ಅನುರಣಿಸುವ ಆವರ್ತನ ಎಫ್ಎಸ್ 28 ಹರ್ಟ್ಜ್. ಆ ಅನುರಣನ ಎಷ್ಟು ಹಿಡಿತದಲ್ಲಿದೆ ಅಂತ ಹೇಳುವ ಕ್ಯೂಟಿಎಸ್ 0.45, ಅದರಲ್ಲಿ ವಿದ್ಯುತ್ತಿನ ಕಡೆಯ ಪಾಲು ಹೇಳುವ ಕ್ಯೂಇಎಸ್ 0.5. ಕೋನನ್ನು ಹಿಡಿದಿರುವ ಅಂಚಿನಷ್ಟೇ ಸ್ಪ್ರಿಂಗಿನಂತೆ ವರ್ತಿಸುವ ಗಾಳಿಯ ಅಳತೆ ವಿಎಎಸ್ 60 ಲೀಟರ್. ಇವನ್ನು ಥೀಲ್-ಸ್ಮಾಲ್ ಅಂಕಿಗಳು ಅನ್ನುತ್ತಾರೆ, ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅನ್ನುವ ಇಬ್ಬರು ಎಂಜಿನಿಯರ್‌ಗಳ ಹೆಸರಲ್ಲಿ. ಎಫ್ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿದರೆ ಒಂದು ಅಂದಾಜು ಸಿಗುತ್ತದೆ. 50ರ ಆಸುಪಾಸಿನಲ್ಲಿದ್ದರೆ ಸೀಲ್ಡ್, 100ರ ಹತ್ತಿರ ಹೋದರೆ ಪೋರ್ಟೆಡ್. ನನ್ನದು 56. ಹಾಳೆಯೇ ಬಾಯಿಬಿಟ್ಟು ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಬಾಕ್ಸಿನೊಳಗೆ 50 ಲೀಟರ್ ಜಾಗ, 33 ಹರ್ಟ್ಜ್ ಟ್ಯೂನಿಂಗ್ (ಪೈಪಿನ ಗಾಳಿ ಅತಿ ಹೆಚ್ಚು ಅನುರಣಿಸುವ ಆವರ್ತನ) ಅಂತ ತೀರ್ಮಾನಿಸಿದೆ. 10 ಸೆಂಟಿಮೀಟರ್ ಅಗಲದ ಪೈಪ್ ಆದರೆ 36 ಸೆಂಟಿಮೀಟರ್ ಉದ್ದ ಬೇಕು. ಏಳೂವರೆ ಸೆಂಟಿಮೀಟರ್ ಅಗಲದ್ದಾದರೆ 19 ಸಾಕು. ಚಿಕ್ಕದು ಸುಲಭವಾಗಿ ಕೂರುತ್ತದಲ್ವಾ ಅಂತ ಅದನ್ನೇ ಆರಿಸಿದೆ. 18 ಮಿಲಿಮೀಟರ್ ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ತಂದು 50, 40, 27 ಸೆಂಟಿಮೀಟರ್ ಅಳತೆಗೆ ಕತ್ತರಿಸಿದೆ. ಗುಣಿಸಿದರೆ 54 ಲೀಟರ್. ಸಬ್ಬಿನ ಹಿಂಭಾಗ ಮತ್ತು ಪೈಪ್ ತಿನ್ನುವ 4 ಲೀಟರ್ ಕಳೆದರೆ ಸರಿಯಾಗಿ 50. ಅಂಟು, ಸ್ಕ್ರೂ, ಒಳಗಿನ ಮೂಲೆಗಳಿಗೆಲ್ಲ ಸಿಲಿಕಾನ್. ಸಿಲಿಕಾನ್ ವಾಸನೆ ಹೋಗುವ ತನಕ ಸಬ್ ಕೂರಿಸದೆ ಕಾದೆ. ಇಡೀ ಕೆಲಸದಲ್ಲಿ ನಾನು ತಾಳ್ಮೆ ತೋರಿಸಿದ್ದು ಅಲ್ಲಿ ಮಾತ್ರ.

ಡಿಕ್ಕಿಯಲ್ಲಿಟ್ಟು ಹಾಡು ಹಾಕಿದೆ. ಮೊದಲ ಐದು ನಿಮಿಷ ಸ್ವರ್ಗ. ಆಮೇಲೆ ಕಿವಿ ತಿಳಿಯಾಯಿತು. ಬೇಸ್ ಗಿಟಾರ್ ಮೇಲೆ ಕೆಳಗೆ ಓಡಾಡುವ ಹಾಡಿನಲ್ಲೂ ಒಂದು ಸ್ವರ ಬಂದಾಗ ಮಾತ್ರ ಕಾರು ನಡುಗುತ್ತಿತ್ತು, ಉಳಿದವು ಸಪ್ಪೆ. ಸದ್ದು ಏರಿಸಿದರೆ ಪೈಪಿನಿಂದ ಫುಸ್ ಫುಸ್ ಅಂತ ಗಾಳಿ. ಬೇಸ್ ಬದಲು ಯಾರೋ ಹಿಂದೆ ಕೂತು ಒಲೆ ಊದಿದ ಹಾಗೆ.

ತಪ್ಪು ಹುಡುಕಲು ಒಂದು ಉಪಾಯ ಮಾಡಿದೆ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಸದ್ದು ತಗ್ಗಿಸಿ, 50 ಹರ್ಟ್ಜ್‌ನಿಂದ ಒಂದೊಂದಾಗಿ ಕೆಳಗಿಳಿಸುತ್ತಾ ಕೋನನ್ನೇ ನೋಡುತ್ತಾ ಕೂತೆ. ಪೋರ್ಟೆಡ್ ಬಾಕ್ಸಿನಲ್ಲಿ ಟ್ಯೂನಿಂಗ್ ಇರುವ ಕಡೆ ಪೈಪೇ ಕೆಲಸ ಮಾಡುತ್ತದೆ, ಕೋನ್ ಹೆಚ್ಚು ಕಡಿಮೆ ಸುಮ್ಮನಾಗಿಬಿಡುತ್ತದೆ. ನನ್ನದು 39ರಲ್ಲಿ ಸುಮ್ಮನಾಯಿತು. 33 ಅಲ್ಲ! ಇನ್ನೂ ಇಳಿಸಿ 25ಕ್ಕೆ ಬಂದರೆ ಕೋನ್ ಹಿಡಿತ ತಪ್ಪಿದ ಹಾಗೆ ಹಿಂದೆ ಮುಂದೆ ಬಡಿದುಕೊಳ್ಳುತ್ತಿತ್ತು. ಟ್ಯೂನಿಂಗ್‌ಗಿಂತ ಕೆಳಗೆ ಕೋನಿಗೆ ಆತು ನಿಲ್ಲಲು ಗಾಳಿಯೇ ಇರುವುದಿಲ್ಲ. ಪೋರ್ಟೆಡ್ ಹಾಕುವವರು ಆ್ಯಂಪ್‌ನಲ್ಲಿ ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇದೆಯಾ ಅಂತ ಮೊದಲು ನೋಡಿ ಅನ್ನುವುದು ಇದಕ್ಕೇ.

39 ಯಾಕೆ ಬಂತು? ಟೇಪ್ ಹಿಡಿದು ಮತ್ತೆ ಅಳೆದಾಗ ನಗು ಬಂತು. ನಾನು ಗುಣಿಸಿದ್ದು ಹೊರಗಿನ ಅಳತೆ. ಹಲಗೆಯ ದಪ್ಪ ಕಳೆದೇ ಇರಲಿಲ್ಲ. ಮೂರೂ ಅಳತೆಯಲ್ಲಿ ಎರಡೆರಡು ಹಲಗೆಯ ದಪ್ಪ, ಅಂದರೆ 3.6 ಸೆಂಟಿಮೀಟರ್ ಕಡಿಮೆ ಮಾಡಿದರೆ ಒಳಗಿರುವುದು 39.5 ಲೀಟರ್. ಸಬ್ಬು, ಪೈಪು ಕಳೆದರೆ 35.5. ಹದಿನೆಂಟು ಮಿಲಿಮೀಟರ್ ತಾನೇ ಅನಿಸುತ್ತದೆ, ಹದಿನಾಲ್ಕೂವರೆ ಲೀಟರ್ ನುಂಗಿಹಾಕಿತ್ತು.

ಹೊಸ ಬಾಕ್ಸ್ ಮಾಡುವ ಉತ್ಸಾಹ ಉಳಿದಿರಲಿಲ್ಲ. ಸುಮ್ನೆ ಕೂತು ಅದೇ ಬಾಕ್ಸನ್ನು ಸೀಲ್ಡ್ ಅಂತ ಲೆಕ್ಕ ಹಾಕಿ ನೋಡಿದೆ. ವಿಎಎಸ್ ಅನ್ನು ಬಾಕ್ಸಿನ ಲೀಟರ್‌ನಿಂದ ಭಾಗಿಸಿ, ಒಂದು ಕೂಡಿ, ವರ್ಗಮೂಲ ತೆಗೆದು, ಕ್ಯೂಟಿಎಸ್‌ನಿಂದ ಗುಣಿಸಬೇಕು. 0.7ರ ಆಸುಪಾಸು ಬಂದರೆ ಬೇಸ್ ಹದವಾಗಿರುತ್ತದೆ, 1 ದಾಟಿದರೆ ಗುಮ್ ಗುಮ್ ಜಾಸ್ತಿ. ಪೈಪ್ ತೆಗೆದರೆ ನನಗೆ 36 ಲೀಟರ್ ಸಿಗುತ್ತಿತ್ತು. ಉತ್ತರ ಬಂದದ್ದು 0.73. ತಪ್ಪಾಗಿ ಕತ್ತರಿಸಿದ ಬಾಕ್ಸ್ ಈ ಸಬ್ಬಿಗೆ ಹೇಳಿ ಮಾಡಿಸಿದಂತಿತ್ತು! ಪೈಪ್ ಕಿತ್ತು, ತೂತಿನ ಮೇಲೆ ಒಳಗಡೆಯಿಂದ ದುಂಡನೆ ಹಲಗೆ ಅಂಟಿಸಿ, ಸುತ್ತ ಸಿಲಿಕಾನ್ ಹಾಕಿದೆ. ಒಣಗಿದ ಮೇಲೆ ಸಬ್ ಕೂರಿಸಿ, ಅಂಗೈಯಿಂದ ಕೋನನ್ನು ಮೆಲ್ಲಗೆ ಒತ್ತಿ ಬಿಟ್ಟೆ. ತಟ್ಟನೆ ವಾಪಸ್ ಬಂದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ನನ್ನದು ನಿಧಾನವಾಗಿ ಮೇಲೆ ಬಂತು.

ಸದ್ದು ಮೊದಲಿಗಿಂತ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಕಾರಿನ ಹೊರಗೆ ನಿಂತವರನ್ನು ನಡುಗಿಸಬೇಕು ಅನ್ನುವವರು ದೊಡ್ಡ ಪೈಪ್, ಸರಿಯಾದ ಲೀಟರ್ ಇಟ್ಟು ಪೋರ್ಟೆಡ್ಡನ್ನೇ ಮಾಡಲಿ, ಅದಕ್ಕೆ ತಕ್ಕ ಸಬ್ಬನ್ನೂ ತರಲಿ. ನನಗೆ ಬೇಕಿದ್ದದ್ದು ಬೇಸ್ ಗಿಟಾರಿನ ಒಂದೊಂದು ಸ್ವರ ಬೇರೆ ಬೇರೆಯಾಗಿ ಕೇಳುವುದು. ಅದು ಸಿಕ್ಕಿತು. ಇನ್ನೊಂದು ವಿಷಯ, ಕಾರು ತಾನೇ ಒಂದು ಚಿಕ್ಕ ಕೋಣೆ. ಬಾಗಿಲು ಮುಚ್ಚಿದರೆ ತೀರಾ ಕೆಳಗಿನ ಸ್ವರಗಳನ್ನು ಅದೇ ಎತ್ತಿಕೊಡುತ್ತದೆ. ಸೀಲ್ಡ್ ಬಾಕ್ಸಿನಲ್ಲಿ ಬೇಸ್ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, ಕಾರು ಅದೇ ಜಾಗದಲ್ಲಿ ಏರಿಸುತ್ತದೆ. ಹಾಗಾಗಿ ಹಾಳೆಯ ಮೇಲೆ ಕಾಣುವಷ್ಟು ಬಡವಾಗಿ ಕಾರಿನೊಳಗೆ ಕೇಳುವುದಿಲ್ಲ.

ಉಳಿದದ್ದು ಸಣ್ಣಪುಟ್ಟ ಕೆಲಸ. ಕೆಳಗಿನ ಸ್ವರಗಳನ್ನು ಮಾತ್ರ ಸಬ್ಬಿಗೆ ಬಿಡುವ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಜ್‌ಗೆ ಇಟ್ಟೆ. ನನ್ನದು ಹ್ಯಾಚ್‌ಬ್ಯಾಕ್, ಸಬ್ಬಿನ ಮುಖ ಸೀಟಿನ ಕಡೆ ಇದ್ದದ್ದನ್ನು ಹಿಂದಿನ ಬಾಗಿಲಿನ ಕಡೆ ತಿರುಗಿಸಿದಾಗ ಇನ್ನಷ್ಟು ತುಂಬಿ ಬಂತು. ಸಬ್ಬಿನ ಎರಡು ವೈರ್ ಅದಲು ಬದಲು ಮಾಡಿಯೂ ಕೇಳಿದೆ, ಡ್ರಮ್ಮಿನ ಏಟು ಯಾವುದರಲ್ಲಿ ಗಟ್ಟಿಯೋ ಹಾಗೆ ಬಿಟ್ಟೆ. ಬ್ರೇಕ್ ಹೊಡೆದಾಗ ಹಾರಿ ಬರದಂತೆ ಬಾಕ್ಸನ್ನು ಪಟ್ಟಿ ಬಿಗಿದು ಕಟ್ಟಿದ್ದೇನೆ. ನಂಬರ್ ಪ್ಲೇಟ್ ಗಡಗಡ ಅನ್ನುತ್ತಿತ್ತು, ಹಿಂದೆ ಫೋಮ್ ಟೇಪ್ ಅಂಟಿಸಿದ ಮೇಲೆ ಅದು ನಿಂತಿತು. ಈಗ ಡಿಕ್ಕಿ ಬಾಗಿಲಿನ ಒಳಗೆ ಎಲ್ಲೋ ಒಂದು ಕ್ಲಿಪ್ ಟಿಕ್ ಟಿಕ್ ಅನ್ನುತ್ತಿದೆ, ಅದೂ 45 ಹರ್ಟ್ಜ್‌ನಲ್ಲಿ ಮಾತ್ರ. ಈ ಭಾನುವಾರ ಬಾಗಿಲಿನ ಪ್ಯಾನೆಲ್ ಬಿಚ್ಚಬೇಕು.